ಒಂದು ಆಂಗ್ಲಗೀತದ ಪಲ್ಲವಿಯಲ್ಲಿ ಪ್ರಣವ

ಆಂಗ್ಲಭಾಷೆಯಲ್ಲಿ ‘ರಾಕ್’ ಎಂದು ಹೆಸರಾದ ಗೀತಜಾತಿಯ ಒಂದು ಹಾಡನ್ನು ಈ ಪತ್ರಿಕೆಯ ವಾಚಕಮಹಾಶಯರ ಮುಂದೆ ವಿಚಾರಕ್ಕೆ ತರುವುದು ಉಚಿತವೇ ಎಂದು ಕೆಲವರಿಗಾದರೂ ಶಂಕೆ ತೋರಬಹುದು. ಶಬ್ದವಿದ್ದು ಅದರಿಂದ ಅರ್ಥಪ್ರತೀತಿಯಾಗುವ ಕಡೆಯಲ್ಲೆಲ್ಲ ಅಲಂಕಾರಶಾಸ್ತ್ರಕ್ಕೆ ಪ್ರವೇಶವುಂಟು. ಹಾಡಿದವನು ಯಾವ ದೇಶದವನು, ಕೈಯಲ್ಲಿ ಯಾವ ವಾದ್ಯವನ್ನು ಹಿಡಿದಿದ್ದನು ಎಂಬುದರಿಂದ ಶಾಸ್ತ್ರದ ಅಧಿಕಾರವು ಕುಂದುವುದಿಲ್ಲ. ಇಷ್ಟು ಹೇಳಿ ಪ್ರಕೃತಕ್ಕೆ ಬರುತ್ತೇನೆ.

ವಿಚಾರಕ್ಕೆ ತೆಗೆದುಕೊಂಡಿರುವುದು ಬೀಟಲ್ಸ್ ಎಂಬ ಮೇಳದವರು ಹಾಡಿದ ‘ಅಕ್ರಾಸ್ ದಿ ಯೂನಿವರ್ಸ್’ ಎಂಬ ಗೀತ. ಮುದ್ರಿಕೆಗಳಲ್ಲಿ ಲೆನ್ನನ್, ಮೆಕಾರ್ಟ್ನಿ ಎಂಬ ಇಬ್ಬರ ಹೆಸರೂ ಕರ್ತೃಸ್ಥಾನದಲ್ಲಿದ್ದರೂ ಇದು ಜಾನ್ ಲೆನ್ನನ್ (1940-1980) ಎಂಬವನ ರಚನೆಯೆಂಬುದು ನಿರ್ವಿವಾದ. ಇದರ ಪಲ್ಲವಿಯ ಮೊದಲಲ್ಲಿ ನಮ್ಮ ದೇಶದ ಮಾತುಗಳು ಮೂರು ಬರುತ್ತವೆ: ಮೊದಲು ಜಯಶಬ್ದ, ಬಳಿಕ ಗುರುದೇವಶಬ್ದ, ಕಡೆಯಲ್ಲಿ ಪ್ರಣವ. ಅದಾದ ಕೂಡಲೆ ಆಂಗ್ಲಭಾಷೆಯಲ್ಲಿ, ತನ್ನ ಜಗತ್ತನ್ನು ಮಾರ್ಪಡಿಸುವಂಥದು ಯಾವುದೂ ಇಲ್ಲವೆಂಬ ನಿಷೇಧವಾಕ್ಯವು ನಾಲ್ಕು ಸಲ ಬರುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನಲ್ಲಿ ಕಾವ್ಯಪ್ರಕಾಶವನ್ನು ಓದುತ್ತಿದ್ದ ಒಬ್ಬ ವಿದ್ಯಾರ್ಥಿಯು ಈ ಹಾಡನ್ನು ನನಗೆ ಕೇಳಿಸಿ, ಪಲ್ಲವಿಯ ಅರ್ಥವೇನೆಂದು ಪ್ರಶ್ನೆಮಾಡಿದನು. ನಾನು ಎರಡು ಮಾತು ಹೇಳಿದೆನು. ಪ್ರಣವದ ಸ್ಥಾನವು ಆದಿಯಲ್ಲಿ. ಇಲ್ಲಿ ಅದನ್ನು ಕೊನೆಗೆ ಹಾಕಿರುವುದು ಭಾಷೆಯನ್ನರಿಯದವನು ಅಂದಕ್ಕಾಗಿ ಅಂಟಿಸಿದ ಕೆಲಸ, ಎಂಬುದು ಮೊದಲನೆಯ ಮಾತು. ಗೀತದ ರಸವು ಶಾಂತ, ನಿಷೇಧವಾಕ್ಯವು ಸ್ಥಿತಪ್ರಜ್ಞನ ಮಾತು, ಎಂಬುದು ಎರಡನೆಯದು. ಎರಡನ್ನೂ ಪೀಠದ ಮೇಲೆ ಕುಳಿತವನ ಧೈರ್ಯದಿಂದಲೇ ಹೇಳಿದೆನು. ಆ ಮೇಲೆ ಹಾಡನ್ನು ಅನೇಕಾವರ್ತಿ ಕೇಳಿದೆನು. ಕೇಳುತ್ತ ಕೇಳುತ್ತ ಅದು ನನಗೆ ಪ್ರಿಯವಾಯಿತು, ನನ್ನ ಮಾತುಗಳು ಮಾತ್ರ ಅಪ್ರಿಯವಾದುವು. ಎರಡೂ ತಪ್ಪೆಂದು ಈಗ ನನ್ನ ಅಭಿಪ್ರಾಯ. ಆ ವಿದ್ಯಾರ್ಥಿಯು ಈಗ ತಾನೇ ಅಧ್ಯಾಪಕನಾಗಿ ನನ್ನ ವ್ಯಾಖ್ಯಾನವನ್ನೇ ಮುಂದಕ್ಕೆ ಸಾಗಿಸುತ್ತಿರುವನೆಂದು ಕೇಳಿದುದರಿಂದ, ಅದನ್ನು ಅಚ್ಚಿನಲ್ಲಿಯೇ ಹಿಂತೆಗೆದುಕೊಳ್ಳುವುದು ಲೇಸೆಂದು ಈ ಲೇಖನವನ್ನು ಬರೆದಿರುವೆನು.

ಮೊದಲು ಕಾಲವಿಚಾರ. ಬೀಟಲ್ಸ್ ಮೇಳದವರು ಮಹರ್ಷಿ ಮಹೇಶಯೋಗಿಗಳನ್ನು ಲಂಡನ್ನಿನಲ್ಲಿ ಕಂಡದ್ದು 1967ನೆಯ ಆಗಸ್ಟಿನಲ್ಲಿ. ಈ ಗೀತದ ಧ್ವನಿಮುದ್ರಣವು ಅದೇ ನಗರದಲ್ಲಿ 1968ನೆಯ ಫೆಬ್ರವರಿ 4 ಮತ್ತು 8ನೆಯ ದಿನಗಳಲ್ಲಿ ನಡೆಯಿತು. ಅವರು ಹೃಷೀಕೇಶಕ್ಕೆ ಬಂದದ್ದು ಅದೇ ತಿಂಗಳಲ್ಲಿ, ಮುದ್ರಣವಾದ ಮೇಲೆ. ಆದುದರಿಂದ ಇದು ಗಂಗಾತೀರದಲ್ಲಿ ಹುಟ್ಟಿದ ಹಾಡೆಂದು ಹೇಳುವುದು ಸರಿಯಲ್ಲ. ಏಪ್ರಿಲಿನಲ್ಲಿ ಲೆನ್ನನ್ ಮನಸ್ಸು ಮುರಿದು ಆಶ್ರಮವನ್ನು ಬಿಟ್ಟು ಹೊರಟುಹೋದನು. ಅದೇ ವರ್ಷ ಮಹರ್ಷಿಗಳನ್ನು ಹಂಗಿಸುವ ಒಂದು ಹಾಡನ್ನೂ ಕಟ್ಟಿದನು. 1970ರ ಕೊನೆಯಲ್ಲಿ ಹೊರಬಂದ ತನ್ನ ಸ್ವಂತ ಮುದ್ರಿಕೆಯ ‘ಗಾಡ್’ ಎಂಬ ಗೀತದಲ್ಲಿ, ತನಗೆ ನಂಬಿಕೆಯಿಲ್ಲದ ವಸ್ತುಗಳನ್ನು ಎಣಿಸುತ್ತ ಮಂತ್ರವನ್ನೂ ಗೀತೆಯನ್ನೂ ಅವುಗಳಲ್ಲಿ ಸೇರಿಸಿರುವನು. ಆದರೆ ಪ್ರಕೃತಗೀತವು 1969ನೆಯ ಡಿಸೆಂಬರಿನಲ್ಲಿ ಒಮ್ಮೆ, 1970ನೆಯ ಮೇ ತಿಂಗಳಲ್ಲಿ ಇನ್ನೊಮ್ಮೆ ಪ್ರಕಟವಾದಾಗ ಪಲ್ಲವಿಯ ಮೂರು ಮಾತುಗಳು ಇದ್ದಲ್ಲಿಯೇ ಇದ್ದುವು. ಶ್ರದ್ಧೆ ಹೋದ ಮೇಲೂ ಮಾತು ಉಳಿಯಿತು. ಬರಿಯ ಅಲಂಕಾರವಾಗಿದ್ದರೆ ಕಿತ್ತುಹಾಕುವುದು ಎಷ್ಟರ ಕೆಲಸ?

ಇನ್ನು ಆ ಮಾತುಗಳನ್ನು ನೋಡೋಣ. ಜಯಶಬ್ದವು ಇಲ್ಲಿ ಹಿಂದೀ ಉಚ್ಚಾರಣೆಯಲ್ಲಿದೆ; ಅದು ದೋಷವಲ್ಲ. ಸಂಸ್ಕೃತದಲ್ಲಿ ಜಯ ಎಂಬ ಲೋಟ್ ರೂಪಕ್ಕೆ ಗುರುದೇವ ಎಂಬ ಸಂಬೋಧನೆಯು ಚೆನ್ನಾಗಿ ಹೊಂದುತ್ತದೆ. ಆಂಗ್ಲ ಬರೆಹಗಾರರು ಗುರುದೇವಶಬ್ದವನ್ನು ‘ದೈವಸ್ವರೂಪನಾದ ಗುರು’ ಎಂದು ಯೌಗಿಕವಾಗಿ ಬಿಡಿಸುವುದು ವಾಡಿಕೆ. ರೂಢಿಯು ಯೋಗವನ್ನು ಬಾಧಿಸುವುದೆಂಬ ನ್ಯಾಯವನ್ನು ಅವರು ಮರೆತಿರುವರು. ಮಹರ್ಷಿಗಳ ಶಿಷ್ಯವರ್ಗದಲ್ಲಿ ಈ ಶಬ್ದವು ಒಬ್ಬ ವ್ಯಕ್ತಿಯಲ್ಲಿ ರೂಢವಾದುದು: 1941ರಿಂದ 1953ರವರೆಗೆ ಜ್ಯೋತಿರ್ಮಠದ ಶಂಕರಾಚಾರ್ಯರಾಗಿದ್ದ ಶ್ರೀ ಬ್ರಹ್ಮಾನಂದ ಸರಸ್ವತೀ ಸ್ವಾಮಿಗಳವರು. ಜ್ಯೋತಿರ್ಮಠವು ನಮ್ಮ ಶೃಂಗೇರಿಯೊಡನೆ ನಾಲ್ಕು ಆಮ್ನಾಯಪೀಠಗಳಲ್ಲಿ ಎಣಿಕೆಗೊಂಡುದೆಂಬುದನ್ನು ವಾಚಕರು ಬಲ್ಲರು. ಅವರು ಮಹರ್ಷಿಗಳಿಗೆ ಗುರುಗಳು, ಲೆನ್ನನ್ನನಿಗೆ ಪರಮಗುರುಗಳಾಗಬೇಕಾದವರು. ಅಂದಮೇಲೆ ಪಲ್ಲವಿಯಲ್ಲಿ ಘೋಷಿತವಾದ ಜಯವು ಕವಿಯು ಕಂಡು ಮುನಿಸಿಕೊಂಡ ಗುರುವಿನದಲ್ಲ, ಅವನು ಎಂದೂ ಕಾಣದ ಒಬ್ಬರದು. ಮುನಿಸಿನ ಬಳಿಕವೂ ಆ ಮಾತು ನಿಂತುದಕ್ಕೆ ಇದೂ ಒಂದು ಕಾರಣವಾಗಿರಬಹುದೆಂದು ನನ್ನ ಊಹೆ; ಊಹೆಗಿಂತ ಹೆಚ್ಚಿನ ಬೆಲೆಯನ್ನು ಇದಕ್ಕೆ ಕೊಡಬೇಕಾಗಿಲ್ಲ.

ಪ್ರಣವದ ವಿಷಯದಲ್ಲಿ ನಾನು ಮಾಡಿದ ತಪ್ಪು ನಾಚಿಕೆಯನ್ನು ತರುವಂಥದು. ಮನುಸ್ಮೃತಿಯ ಎರಡನೆಯ ಅಧ್ಯಾಯವನ್ನು ಬಾಲ್ಯದಲ್ಲಿಯೇ ಪಾಠಮಾಡಿದ್ದೆನು. ವೇದಪಾಠದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಪ್ರಣವವನ್ನು ಹೇಳಬೇಕೆಂದು ಅಲ್ಲಿ ವಿಧಿಯಿದೆ. ಮೊದಲು ಹೇಳದಿದ್ದರೆ ಪಾಠವು ಸೋರಿಹೋಗುವುದೆಂದೂ ಕೊನೆಯಲ್ಲಿ ಹೇಳದಿದ್ದರೆ ಚೂರಾಗಿ ಉದುರುವುದೆಂದೂ ಕಾರಣವನ್ನೂ ಹೇಳಿದೆ. ಪಾಣಿನಿಯೂ ಎಂಟನೆಯ ಅಧ್ಯಾಯದಲ್ಲಿ ಆರಂಭದ ಓಂಕಾರಕ್ಕೆ ಪ್ಲುತವನ್ನು ವಿಧಿಸಿದವನು, ಯಜ್ಞಕರ್ಮದಲ್ಲಿ ಕಡೆಗೆ ಬರುವ ಪ್ರಣವವನ್ನೂ ಅಲ್ಲಿಯೇ ಹತ್ತಿರದ ಸೂತ್ರದಲ್ಲಿ ಹೇಳಿರುವನು. ಹೀಗಿರಲು ಪ್ರಣವಕ್ಕೆ ಆದಿಯೊಂದೇ ಸ್ಥಾನವೆಂದು ನಾನು ಹೇಳಿದುದು ಹೇಗೋ ತಿಳಿಯದು. ಈ ಗೀತದ ಪದ್ಯಗಳನ್ನು ನೋಡಿದರೆ ಮನುವಾಕ್ಯವು ಇನ್ನೂ ಸೋಜಿಗವಾಗಿ ಹೊಂದುತ್ತದೆ. ಗೀತದ ಆರಂಭದಲ್ಲಿ ಪ್ರಣವವಿಲ್ಲ. ಅಲ್ಲಿ ಮಾತುಗಳು ನಿಲ್ಲದೆ ಸುರಿದು, ಜಾರಿ, ಕೈಗೆ ಸಿಗದೆ ಹೋಗುತ್ತವೆ. ಪ್ರತಿಯೊಂದು ಪದ್ಯದ ಕೊನೆಯಲ್ಲಿ ಪ್ರಣವವು ದೀರ್ಘವಾಗಿ, ಪ್ಲುತಪ್ರಮಾಣವನ್ನೂ ಮೀರಿ ನಿಲ್ಲುತ್ತದೆ. ಸೋರಿದ್ದು ಸೋರಿತು, ಆದರೆ ಚೂರಾಗಲಿಲ್ಲ. ಕವಿಯು ಮನುವನ್ನು ಓದಿದ್ದನೆಂದು ನಾನು ಹೇಳುತ್ತಿಲ್ಲ. ಓದಿದ್ದ ನನಗೆ ಅದು ಹೊಳೆಯದೆ ಹೋದುದನ್ನು ಹೇಳುತ್ತಿದ್ದೇನೆ.

ಗೀತದಲ್ಲಿ ಮೂರು ಪದ್ಯಗಳು. ಮೊದಲನೆಯದರಲ್ಲಿ ಮಾತುಗಳ ಪ್ರವಾಹ, ತೆರೆದ ಮನಸ್ಸಿನ ಮೂಲಕ ಹಾದುಹೋಗುವ ದುಃಖ ಸಂತೋಷಗಳು. ಎರಡನೆಯದರಲ್ಲಿ ಒಡೆದ ಬೆಳಕಿನ ಬಿಂಬಗಳು, ಕುರುಡಾಗಿ ಮುಗ್ಗರಿಸುವ ಆಲೋಚನೆಗಳು. ಮೂರನೆಯದರಲ್ಲಿ ನಗೆಯ ಸದ್ದು, ಎಲ್ಲೆಯಿಲ್ಲದ ಪ್ರೇಮದ ಕರೆ. ಅಗಣಿತ ಕಣ್ಣುಗಳೆಂಬ ಉಪಮಾನವನ್ನು ಪುರುಷಸೂಕ್ತದ ಸಹಸ್ರಾಕ್ಷನೊಡನೆ, ಅಗಣಿತ ಸೂರ್ಯರೆಂಬುದನ್ನು ಗೀತೆಯ ಹನ್ನೊಂದನೆಯ ಅಧ್ಯಾಯದ ಸೂರ್ಯಸಹಸ್ರದೊಡನೆ ಗಂಟುಹಾಕುವ ಚಾಪಲ್ಯವು ನಮ್ಮವರಿಗೆ ಸಹಜ. ಆಂಗ್ಲರು ಬಹುತ್ವವನ್ನು ಸೂಚಿಸಲು ದಶಲಕ್ಷವೆನ್ನುವುದು ನಾವು ಕೋಟಿಯೆನ್ನುವಂತೆ. ಅದರಿಂದ ಶ್ರುತಿಮೂಲವು ಸಿದ್ಧವಾಗುವುದಿಲ್ಲ. ಮಹರ್ಷಿಗಳು 1967ರಲ್ಲಿ ಆಂಗ್ಲಭಾಷೆಯಲ್ಲಿ ಪ್ರಕಟಿಸಿದ ಗೀತಾವ್ಯಾಖ್ಯಾನವೂ ಮೊದಲಿನ ಆರು ಅಧ್ಯಾಯಗಳಿಗೇ ನಿಂತಿರುವುದು, ಹನ್ನೊಂದನೆಯದು ಅದರಲ್ಲಿಲ್ಲ.

ನಿಜವಾದ ಸ್ವಾರಸ್ಯವು ಬೇರೆ ಎರಡು ಉಪಮೆಗಳಲ್ಲಿದೆ. ಮಾತುಗಳ ಸುರಿತಕ್ಕೆ ಮಳೆಯು ಉಪಮಾನ. ಆ ಮಳೆಯು ಬೀಳುವುದು ಕಾಗದದ ಬಟ್ಟಲಿನೊಳಕ್ಕೆ. ಆಲೋಚನೆಗಳ ಅಲೆದಾಟಕ್ಕೆ ಗಾಳಿಯು ಉಪಮಾನ; ಆ ಗಾಳಿಯು ಚಡಪಡಿಸುವುದು ಅಂಚೆಯ ಪೆಟ್ಟಿಗೆಯೊಳಗೆ. ಮಳೆಗೆ ಉಪಮೇಯವು ಮಾತು, ಗಾಳಿಗೆ ಉಪಮೇಯವು ಆಲೋಚನೆ. ಬಟ್ಟಲಿಗೂ ಪೆಟ್ಟಿಗೆಗೂ ಉಪಮೇಯವು ಯಾವುದು? ಕವಿಯು ಹೇಳಿಲ್ಲ. ಎರಡೂ ಮನುಷ್ಯನು ಮಾಡಿಕೊಂಡ ಪುಟ್ಟ ಪಾತ್ರಗಳು. ಎರಡೂ ಒಳಗೆ ಬಂದದ್ದನ್ನು ಹಿಡಿಯಲಾರವು. ಒಂದು ತುಂಬಿ ಚೆಲ್ಲುತ್ತದೆ, ನೆನೆದು ಮೆತ್ತಗಾಗುತ್ತದೆ, ಇನ್ನೊಂದಕ್ಕೆ ಸೀಳುಬಾಯಿ. ಅಂಶಾಂಶವಾಗಿ ಬೆಳೆದ ಉಪಮೆಯಲ್ಲಿ ಒಂದಂಶಕ್ಕೆ ಉಪಮೇಯವು ಕಾಣದಿದ್ದರೆ ಆಕಾಂಕ್ಷೆಯು ಉಳಿಯುತ್ತದೆ. ಆ ಆಕಾಂಕ್ಷೆಯು ತೀರುವುದು ಪಲ್ಲವಿಯಲ್ಲಿ, ‘ನನ್ನ ಜಗತ್ತು’ ಎಂಬ ಅರ್ಥದ ಮಾತು ಬಂದಾಗ. ಪದ್ಯಗಳಲ್ಲಿ ವಿಶ್ವ, ಪಲ್ಲವಿಯಲ್ಲಿ ಜಗತ್ತು. ಆಂಗ್ಲದಲ್ಲಿಯೂ ಶಬ್ದಗಳು ಬೇರೆ ಬೇರೆ. ವಿಶ್ವವೆಲ್ಲ ಸುರಿಯುತ್ತಿರುವುದು ಈ ಸಣ್ಣ ಜಗತ್ತಿನೊಳಕ್ಕೆ. ಹೀಗಾಗಿ, ತನ್ನನ್ನು ಯಾವುದೂ ಮಾರ್ಪಡಿಸಲಾರದೆಂದು ನಾಲ್ಕು ಸಲ ಹೇಳುತ್ತಿರುವುದು ಮಳೆಯಲ್ಲಿ ಒಡ್ಡಿದ ಕಾಗದದ ಬಟ್ಟಲು.

ಇಲ್ಲಿ ಶಾಂತಪಕ್ಷದವರು, ಎಂದರೆ ಹಿಂದಿನ ನಾನು, ಹೀಗೆ ವಾದಿಸಬಹುದು: ಮಾರ್ಪಾಡಿಲ್ಲವೆಂದದ್ದು ಬಟ್ಟಲಿಗಲ್ಲ, ಬಟ್ಟಲೊಳಗಣ ಆಕಾಶಕ್ಕೆ. ಘಟಾಕಾಶದ ದೃಷ್ಟಾಂತವು ಮಾಂಡೂಕ್ಯಕಾರಿಕೆಯನ್ನು ಓದಿದವರಿಗೆಲ್ಲ ಪರಿಚಿತವೇ. ಮನಸ್ಸಿನ ಮೂಲಕ ಸುಖದುಃಖಗಳು ಹಾಯುತ್ತಿದ್ದರೂ ಸಾಕ್ಷಿಚೈತನ್ಯವು ನಿರ್ವಿಕಾರ. ಮತ್ತು ನಿಷೇಧವಾಕ್ಯವು ಒಂದೊಂದು ಪಲ್ಲವಿಯಲ್ಲಿ ನಾಲ್ಕರಂತೆ ಹನ್ನೆರಡು ಸಲ ಬರುವುದರಿಂದ ಅಭ್ಯಾಸವೆಂಬ ತಾತ್ಪರ್ಯಲಿಂಗವೂ ಅದಕ್ಕೆ ಅನುಕೂಲ.

ಇದಕ್ಕೆ ಸಮಾಧಾನ. ಸಾಕ್ಷಿಯು ‘ನನ್ನದು’ ಎನ್ನುವುದಿಲ್ಲ. ಮಮಕಾರವು ಕಳೆದ ಮೇಲಲ್ಲವೇ ಶಮವು ಸ್ಥಾಯಿಯಾಗುವುದು? ಈ ವಾಕ್ಯದಿಂದ ಮಮಶಬ್ದವನ್ನು ತೆಗೆದರೆ ವಾಕ್ಯವೇ ಉಳಿಯದು. ಅಭ್ಯಾಸವು ಲಿಂಗವೆಂಬುದು ದಿಟ; ಆದರೆ ಉಪಕ್ರಮೋಪಸಂಹಾರಗಳೂ ಲಿಂಗವೇ, ಗೀತವು ಈ ನಿಷೇಧದಿಂದ ಆರಂಭವಾಗುವುದೂ ಇಲ್ಲ, ಮುಗಿಯುವುದೂ ಇಲ್ಲ. ಅದೂ ಅಲ್ಲದೆ, ಮೀಮಾಂಸಕನ ಅಭ್ಯಾಸವು ಅಪೌರುಷೇಯವಾಕ್ಯದ್ದು. ಮನುಷ್ಯನ ಬಾಯಲ್ಲಿ ಒಂದೇ ಮಾತು ಎಡೆಬಿಡದೆ ನಾಲ್ಕು ಸಲ ಬಂದರೆ ಕೇಳಿದವನಿಗೆ ಅವನ ನಿಶ್ಚಯಕ್ಕಿಂತ ಭಯವೇ ಮೊದಲು ತೋರುತ್ತದೆ. ಕತ್ತಲಲ್ಲಿ ಒಬ್ಬನೇ ನಡೆಯುವ ಹುಡುಗನು ತನಗೆ ಹೆದರಿಕೆಯಿಲ್ಲವೆಂದು ಹೇಳಿಕೊಳ್ಳುವ ರೀತಿಯು ಯಾರಿಗೆ ತಿಳಿಯದು?

ಹಾಗಾದರೆ ಇನ್ನೊಂದು ಪಕ್ಷವು ಗೆದ್ದಿತೋ? ಆ ಪಕ್ಷದವರು ಕವಿಯ ಚರಿತ್ರೆಯನ್ನು ಮುಂದಿಡುತ್ತಾರೆ. 1980ರ ಒಂದು ಸಂದರ್ಶನದಲ್ಲಿ ಲೆನ್ನನ್ನನೇ ಇದರ ಹುಟ್ಟನ್ನು ಹೇಳಿರುವನು: ಮೊದಲ ಹೆಂಡತಿಯು ರಾತ್ರಿ ಏನನ್ನೋ ಕುರಿತು ಮಾತಾಡಿ ಮಾತಾಡಿ ನಿದ್ದೆಹೋದಳು, ಆ ಮಾತುಗಳು ತನ್ನ ಕಿವಿಯಲ್ಲಿ ಮುಗಿಯದ ತೊರೆಯಂತೆ ಹರಿಯುತ್ತಿರಲು ಬೇಸತ್ತು ಎದ್ದು ಕೆಳಗಿಳಿದುಹೋದನು, ಸಿಡುಕಿನ ಹಾಡಾಗಬೇಕಾದುದು ವಿಶ್ವದ ಹಾಡಾಯಿತು. ಇದನ್ನು ಹಿಡಿದು, ಪಲ್ಲವಿಯು ಹೆಂಡತಿಯ ಮಾತಿಗೆ ಕಿವಿಗೊಡದ ಗಂಡನ ಹಟವೆಂದು ಹೇಳುವವರುಂಟು. ವಕ್ತೃವಿಶೇಷವೂ ಪ್ರಸ್ತಾವವೂ ಆರ್ಥೀವ್ಯಂಜನೆಗೆ ಸಹಕಾರಿಗಳೆಂದು ಮಮ್ಮಟನು ಹೇಳಿರುವುದು ನಿಜ. ಆದರೆ ಅವನ ಪಟ್ಟಿಯಲ್ಲಿರುವ ವಕ್ತೃವು ಪದ್ಯದಲ್ಲಿ ಮಾತಾಡುವವನು, ಹನ್ನೆರಡು ವರ್ಷಗಳ ಮೇಲೆ ಸಂದರ್ಶನ ಕೊಟ್ಟವನಲ್ಲ. ಬೀಜವು ಎಲ್ಲಿ ಬಿದ್ದಿತೆಂಬುದು ಮರದ ಹಣ್ಣಿನ ರುಚಿಯನ್ನು ಹೇಳುವುದಿಲ್ಲ. ಹಟವೊಂದೇ ಅರ್ಥವಾಗಿದ್ದರೆ ಎಲ್ಲೆಯಿಲ್ಲದ ಪ್ರೇಮದ ಮೂರನೆಯ ಪದ್ಯವು ನಿರರ್ಥಕವಾಗುವುದು. ಪ್ರಣವವಂತೂ ಸುಮ್ಮನೆ ನಿಲ್ಲುವುದು.

ಪ್ರಣವವು ಸುಮ್ಮನೆ ನಿಂತಿಲ್ಲ ಎಂಬುದೇ ಈ ಲೇಖನದ ಪ್ರಧಾನವಾದ ಮಾತು. ಛಾಂದೋಗ್ಯದ ಮೊದಲನೆಯ ಖಂಡದಲ್ಲಿಯೇ ಓಂಕಾರವನ್ನು ಅನುಜ್ಞಾಕ್ಷರವೆಂದು ಹೇಳಿದೆ. ಯಾರಾದರೂ ಯಾವುದಕ್ಕಾದರೂ ಒಪ್ಪುವಾಗ ಓಂ ಎಂದೇ ಒಪ್ಪುವರೆಂದು ಅಲ್ಲಿಯ ಯುಕ್ತಿ. ಅಮರಸಿಂಹನೂ ಅವ್ಯಯವರ್ಗದಲ್ಲಿ ಇದನ್ನು ಅಂಗೀಕಾರಾರ್ಥದ ಶಬ್ದಗಳೊಡನೆ ಓದಿರುವನು. ನಮ್ಮ ಬಳಕೆಯ ‘ಹೂಂ’ ಎಂಬುದರ ಸ್ಥಾನದಲ್ಲಿ ವೈದಿಕನ ‘ಓಂ’ ಇತ್ತು. ಈಗ ಪಲ್ಲವಿಯನ್ನು ಮತ್ತೆ ನೋಡಿರಿ. ಪದ್ಯದಲ್ಲಿ ವಿಶ್ವದ ಸುರಿತ. ಅದರ ಕೊನೆಯಲ್ಲಿ ನೀಳವಾದ ‘ಹೌದು’. ಅದರ ಬೆನ್ನಿಗೇ ನಾಲ್ಕು ‘ಇಲ್ಲ’ಗಳು. ಬರುವುದೆಲ್ಲಕ್ಕೂ ಒಪ್ಪಿದವನು, ಒಪ್ಪಿದ ಉಸಿರು ಆರುವ ಮೊದಲೇ ತಾನು ಬದಲಾಗಲೊಲ್ಲೆನೆನ್ನುತ್ತಾನೆ. ಮನಸ್ಸು ತೆರೆದಿದೆಯೆಂದೂ ಕಿವಿ ತೆರೆದಿದೆಯೆಂದೂ ಪದ್ಯಗಳೇ ಹೇಳಿವೆ. ತೆರೆದಿಟ್ಟುಕೊಂಡು ಏನೂ ಆಗದೆಂದರೆ ಯಾರು ನಂಬುವರು? ಈ ‘ಹೌದು’ ‘ಇಲ್ಲ’ಗಳ ನಡುವಣ ಸಂದಿನಲ್ಲಿ ಗೀತದ ಜೀವವಿದೆ.

ಕವಿಗೆ ಛಾಂದೋಗ್ಯವು ತಿಳಿದಿರಲಿಲ್ಲ, ಅವನು ಮನಸ್ಸಿನಲ್ಲಿಡದ ಅರ್ಥವನ್ನು ನೀವು ಹೇರುತ್ತಿದ್ದೀರಿ ಎಂದು ಆಕ್ಷೇಪಿಸಿದರೆ, ಆಕ್ಷೇಪವು ನ್ಯಾಯವಾದುದೇ. ಆದರೆ ಒಪ್ಪಿಗೆಯನ್ನು ನಾನು ಶ್ರುತಿಯಿಂದ ತಂದು ಹಾಡಿಗೆ ಹಾಕಿದವನಲ್ಲ. ಅದು ಕಾಕುವಿನಲ್ಲಿದೆ. ಪದ್ಯಗಳ ಪಂಕ್ತಿಗಳು ಉದ್ದ, ಉಸಿರಿಗೆ ಎಡೆಗೊಡದೆ ಒಂದರ ಮೇಲೊಂದು ನುಗ್ಗುವಂಥವು. ಪ್ರಣವದಲ್ಲಿ ದನಿಯು ಇಳಿದು, ನಿಂತು, ವಿಶ್ರಾಂತವಾಗುತ್ತದೆ. ಭರತನು ಕಾಕುವನ್ನು ಸಾಕಾಂಕ್ಷ, ನಿರಾಕಾಂಕ್ಷ ಎಂದು ಎರಡಾಗಿ ವಿಂಗಡಿಸಿರುವನಲ್ಲವೇ. ಇಡೀ ಗೀತದಲ್ಲಿ ನಿರಾಕಾಂಕ್ಷವಾದ ಸ್ಥಳವು ಇದೊಂದೇ. ಮುಂದಿನ ನಿಷೇಧವಾಕ್ಯಗಳಲ್ಲಿ ಆ ವಿಶ್ರಾಂತಿಯಿಲ್ಲ, ಪ್ರತಿಯೊಂದೂ ಇನ್ನೊಂದನ್ನು ಬೇಡುತ್ತದೆ. ಕಿವಿಯು ಮೊದಲು ಕಂಡದ್ದಕ್ಕೆ ಶ್ರುತಿಯು ಹೆಸರನ್ನು ಕೊಟ್ಟಿತು, ಅಷ್ಟೇ. ಈ ಗೀತದ ಸಾಹಿತ್ಯವು ರಾಗದ ನೆರವಿಲ್ಲದೆ ಬರಿಯ ಮಾತಾಗಿಯೂ ನಿಲ್ಲಬಲ್ಲುದು, ತನ್ನ ಅತ್ಯುತ್ತಮ ರಚನೆಗಳಲ್ಲಿ ಇದೊಂದು, ಎಂದು ಲೆನ್ನನ್ನನು 1970ರ ಸಂದರ್ಶನವೊಂದರಲ್ಲಿ ಹೇಳಿಕೊಂಡಿರುವನು. ಎರಡನೆಯದು ಸರಿ, ಮೊದಲನೆಯದನ್ನು ನಾನು ಒಪ್ಪಲಾರೆನು. ಓದಿದರೆ ಪ್ರಣವವು ಒಂದಕ್ಷರ. ಕೇಳಿದರೆ ಅದು ಒಂದು ನಿಲುಗಡೆ.

ಪಾಠಾಂತರಗಳಿಂದಲೂ ಈ ಅರ್ಥವು ಬಲಗೊಳ್ಳುತ್ತದೆ. 1969ರ ಮೊದಲ ಪ್ರಕಟಣೆಯು ವರ್ಲ್ಡ್ ವೈಲ್ಡ್‌ಲೈಫ್ ಫಂಡ್ ಎಂಬ ವನ್ಯಜೀವಿರಕ್ಷಣಸಂಸ್ಥೆಯ ಸಹಾಯಾರ್ಥವಾಗಿ ಹೊರಟ ಒಂದು ಸಂಕಲನದಲ್ಲಿ ಆಯಿತು. ಸಂಕಲನಕ್ಕೆ ಈ ಗೀತದ ನಿಷೇಧವಾಕ್ಯವನ್ನೇ ತಿದ್ದಿ ಹೆಸರಿಟ್ಟರು: ‘ನೋ ಒನ್ಸ್ ಗೊನ್ನ ಚೇಂಜ್ ಅವರ್ ವರ್ಲ್ಡ್’. ‘ಯಾವುದೂ’ ಎಂಬುದು ‘ಯಾರೂ’ ಆಯಿತು, ‘ನನ್ನ’ ಎಂಬುದು ‘ನಮ್ಮ’ ಎಂದಾಯಿತು. ಎರಡು ಶಬ್ದಗಳ ತಿದ್ದುಪಡಿಯಿಂದ ವಾಕ್ಯವು ಶತ್ರುವಿಗೆ ಹಾಕಿದ ಪಂಥವಾಗಿ, ವೀರರಸದ ಕಡೆಗೆ ಹೊರಳಿತು. ಮೂಲವಾಕ್ಯದಲ್ಲಿ ಶತ್ರುವಿಲ್ಲ. ಇನ್ನೊಂದು, ಡೇವಿಡ್ ಬೋವೀ ಎಂಬ ಗಾಯಕನು 1975ರಲ್ಲಿ ಹಾಡಿ ಪ್ರಕಟಿಸಿದ ಪಾಠ. ಅದರಲ್ಲಿ ಲೆನ್ನನ್ನನೇ ಗಿಟಾರ್ ನುಡಿಸಿರುವನು. ಆದರೂ ಪಲ್ಲವಿಯ ಆ ಮೂರು ಮಾತುಗಳನ್ನು ಅಲ್ಲಿ ಪೂರ್ತಿಯಾಗಿ ಬಿಟ್ಟಿದೆ. ಪ್ರಣವವು ಏನು ಕೆಲಸವನ್ನು ಮಾಡುತ್ತಿತ್ತೆಂಬುದು ತಿಳಿಯಬೇಕಾದರೆ ಅದಿಲ್ಲದ ಈ ಪಾಠವನ್ನು ಕೇಳಬೇಕು. ‘ಹೌದು’ ಹೋದ ಮೇಲೆ ಬರಿಯ ‘ಇಲ್ಲ’ ಉಳಿದು, ಹಾಡುವವನು ಕೂಗಲೇಬೇಕಾಗಿ ಬಂದಿದೆ. ವ್ಯತಿರೇಕದಿಂದ ಸಿದ್ಧವಾದ ಪ್ರಮಾಣವೆಂದರೆ ಇದು.

ಮೇಳದವರ ಸ್ವಂತ ಪ್ರಕಟಣೆಗಳಲ್ಲಿಯೂ ಭೇದವುಂಟು. 1969ರದರಲ್ಲಿ ಹಕ್ಕಿಗಳ ಸದ್ದನ್ನು ಸೇರಿಸಿ ಮುದ್ರಣದ ವೇಗವನ್ನು ಏರಿಸಿರುವರು. 1970ರದರಲ್ಲಿ ಫಿಲ್ ಸ್ಪೆಕ್ಟರ್ ಎಂಬವನು ವೇಗವನ್ನು ತಗ್ಗಿಸಿ ತಂತೀವಾದ್ಯಗಳನ್ನೂ ಹಿಮ್ಮೇಳವನ್ನೂ ತುಂಬಿರುವನು. ನಾನು ಶಾಂತರಸವೆಂದು ಮೋಸಹೋದದ್ದು ಈ ಎರಡನೆಯದನ್ನು ಕೇಳಿ. ಅಷ್ಟು ಜನರ ಕಂಠವು ಜೊತೆಗೂಡಿದರೆ ಯಾರ ಚಾಂಚಲ್ಯವಾದರೂ ದೇವಾಲಯದ ಶಾಂತಿಯಂತೆ ಕೇಳಿಸುತ್ತದೆ. 2003ರಲ್ಲಿ ಈ ಹೊದಿಕೆಗಳನ್ನು ಕಳಚಿ ಪ್ರಕಟಿಸಿದ ಪಾಠದಲ್ಲಿ ಒಬ್ಬನ ದನಿ, ಅದರ ನಡುಕದೊಡನೆ, ಉಳಿದಿರುವುದು. ಅಧ್ಯಾಪಕರು ಪಾಠಕ್ಕೆ ಅದನ್ನೇ ಆರಿಸಿಕೊಳ್ಳಬೇಕೆಂದು ನನ್ನ ಸೂಚನೆ.

ಇನ್ನು ಇದನ್ನು ಏನೆಂದು ಕರೆಯತಕ್ಕದ್ದು? ಒಂದು ಕಡೆ ಆವೇಗ, ಇನ್ನೊಂದು ಕಡೆ ಧೃತಿ. ಎರಡೂ ಸಮಬಲವಾಗಿ ಏಕಕಾಲದಲ್ಲಿ ಆಸ್ವಾದಕ್ಕೆ ಬರುತ್ತಿರುವುದರಿಂದ ಇದು ಭಾವಸಂಧಿ. ಪಲ್ಲವಿಯಲ್ಲಿ ಆವೇಗವು ಅಡಗುವುದರಿಂದ ಭಾವಶಾಂತಿಯೆನ್ನಬಾರದೇ ಎಂದರೆ, ಆಗದು. ಅಡಗಿದ್ದು ಪ್ರತಿಯೊಂದು ಪಲ್ಲವಿಯ ಬಳಿಕವೂ ಮತ್ತೆ ಏಳುತ್ತಿದೆ. ಶಾಂತರಸವು ಈ ಗೀತದಲ್ಲಿ ಇಲ್ಲ, ಅದರ ಹಂಬಲವಿದೆ. ಸಿಕ್ಕಿದ ಶಾಂತಿಗಿಂತ ಈ ಹಂಬಲವು ಕೀಳೆಂದು ನಾನು ಹಿಂದೆ ಎಣಿಸಿದ್ದೆನು. ಹಾಗೆಣಿಸಿದ್ದರಿಂದಲೇ ಇಲ್ಲದ್ದನ್ನು ಇದೆಯೆಂದು ಹೇಳಿ ಗೀತಕ್ಕೆ ಮೇಲ್ಮೆಯನ್ನು ಕೊಡಲು ಹೋದೆನು.

ಪ್ರಸಂಗವಶದಿಂದ ಒಂದು ಮಾತು. ಮುದ್ರಣದ ನಾಲ್ವತ್ತನೆಯ ವರ್ಷದ ದಿನವಾದ 2008ನೆಯ ಫೆಬ್ರವರಿ 4ರಂದು ಅಮೆರಿಕದ ನಾಸಾ ಸಂಸ್ಥೆಯವರು ಸ್ಪೇನ್ ದೇಶದ ಮ್ಯಾಡ್ರಿಡ್ ಬಳಿಯ ಭಾರಿ ಆಂಟೆನಾದಿಂದ ಈ ಗೀತವನ್ನು ಧ್ರುವನಕ್ಷತ್ರದ ಕಡೆಗೆ ಕಳುಹಿಸಿದರು; 431 ಜ್ಯೋತಿರ್ವರ್ಷಗಳ ದಾರಿಯೆಂದು ಆಗ ಹೇಳಿದರು. ಮಹರ್ಷಿಗಳು ತೀರಿಕೊಂಡದ್ದು ಮರುದಿನ, 5ರಂದು. ಇದರಿಂದ ಯಾವ ಅರ್ಥವನ್ನೂ ಹೊರಡಿಸಬೇಕಾಗಿಲ್ಲ. ಆದರೆ ಪರಮಗುರುವಿನ ಜಯಕಾರವು ಧ್ರುವನಿಗೆ ಮುಖಮಾಡಿ ಹೋಗುತ್ತಿದೆಯೆಂಬುದನ್ನು ನೆನೆದಾಗ ಪುರಾಣವನ್ನು ಓದಿದವನಿಗೆ ಮುಗುಳುನಗೆ ಬರದೆ ಇರದು.

ಉಪಸಂಹಾರವನ್ನು ಕುರಿತು ಮೇಲೆ ಸೂಚಿಸಿದುದನ್ನು ಇಲ್ಲಿ ಬಿಡಿಸುತ್ತೇನೆ. ಮೂರನೆಯ ಪಲ್ಲವಿಯು ಮುಗಿದ ಮೇಲೆ ಗೀತವು ಕೂಡಲೇ ನಿಲ್ಲುವುದಿಲ್ಲ. ಜಯಶಬ್ದವೂ ಗುರುದೇವಶಬ್ದವೂ ಮತ್ತೆ ಮತ್ತೆ ಬರುತ್ತ ದನಿಯು ಕ್ರಮವಾಗಿ ಸಣ್ಣದಾಗುತ್ತದೆ. ಆಗ ಪ್ರಣವವು ಬರುವುದಿಲ್ಲ, ನಿಷೇಧವಾಕ್ಯವೂ ಬರುವುದಿಲ್ಲ. ‘ಹೌದು’ ಎಂಬುದೂ ‘ಇಲ್ಲ’ ಎಂಬುದೂ ಬಿಟ್ಟುಹೋಗಿ, ತಾನು ಕಾಣದ ಒಬ್ಬರಿಗೆ ಜಯವನ್ನು ಹೇಳುವ ದನಿಯಷ್ಟೇ ಉಳಿದು, ಅದೂ ಕೇಳಿಸದಾಗುತ್ತದೆ. ವಿದ್ಯಾರ್ಥಿಗೆ ಅಂದು ನಾನು ಹಾಡನ್ನು ಇಷ್ಟರವರೆಗೆ ಕೇಳಲು ಬಿಡದೆ, ಮೂರನೆಯ ಪಲ್ಲವಿಯಲ್ಲಿಯೇ ನಿಲ್ಲಿಸೆಂದು ಹೇಳಿ ವ್ಯಾಖ್ಯಾನಕ್ಕೆ ತೊಡಗಿದ್ದೆನು.